ಹಳೇ ಕಂಪನಿಗೆ ವಾಪಸ್ ಹೋಗುವುದು ಹೇಗೆ: ರಾಜೀನಾಮೆಯ ಕಾರಣದಿಂದ ಪಿಎಫ್ ಪಾಸ್‌ಬುಕ್‌ವರೆಗೆ

ಎರಡು ವರ್ಷ ಬೇರೆ ಕಡೆ ದುಡಿದು ಹಳೇ ಆಫೀಸಿಗೆ ಮರಳಿದ ಮೊದಲ ದಿನ ಕ್ಯಾಂಟೀನಿನಲ್ಲಿ ನನಗೆ ಸಿಕ್ಕ ಸ್ವಾಗತ ಇದು: "ಏನ್ ಗುರು, ಹಳೇ ಗಂಡನ ಪಾದವೇ ಗತಿ ಅಂತ ಬಂದ್ಬಿಟ್ಯಾ?" ಗಾದೆ ಹಳೆಯದು, ಅದರೊಳಗಿನ ಧೋರಣೆ ಇನ್ನೂ ಹಳೆಯದು. ಆದರೂ ನಕ್ಕೆ. ಸೋತು ಬಂದೆನಾ ಎಂಬ ಪ್ರಶ್ನೆ ಅವನು ಕೇಳುವ ಮೊದಲೇ ನನ್ನನ್ನು ವಾರಗಟ್ಟಲೆ ಕೊರೆದಿತ್ತು.

ಬೆಂಗಳೂರಿನ ಕಂಪನಿಗಳಲ್ಲಿ ಹೀಗೆ ಮರಳಿ ಬರುವುದು ಈಗ ಮಾಮೂಲು ಸಂಗತಿ. ಎಚ್‌ಆರ್‌ನವರು ಇಂಥವರನ್ನು 'ರೀಹೈರ್' ಅನ್ನುತ್ತಾರೆ, ಸ್ವಲ್ಪ ಶೋಕಿ ಬೇಕಾದರೆ 'ಬೂಮರಾಂಗ್'. ದೊಡ್ಡವರೂ ಮರಳಿದ್ದಾರೆ. ನಂದನ್ ನಿಲೇಕಣಿ 2009ರಲ್ಲಿ ಆಧಾರ್ ಕೆಲಸಕ್ಕೆಂದು ಇನ್ಫೋಸಿಸ್ ಬಿಟ್ಟು 2017ರ ಆಗಸ್ಟ್‌ನಲ್ಲಿ ಅಧ್ಯಕ್ಷರಾಗಿ ಬಂದರು. ಅದಕ್ಕೂ ಮೊದಲು, 2011ರಲ್ಲಿ ನಿವೃತ್ತರಾಗಿದ್ದ ನಾರಾಯಣ ಮೂರ್ತಿ 2013ರ ಜೂನ್‌ನಲ್ಲಿ ಮತ್ತೆ ಬಂದು ಕೂತಿದ್ದರು. ಆದರೆ ಅವರು ತಾವೇ ಕಟ್ಟಿದ ಮನೆಗೆ ಮರಳಿದವರು. ನಾವು ಮರಳುವುದು ಬಾಡಿಗೆ ಮನೆಗೆ. ಹಿಂದೆ ಐದು ವರ್ಷ ಇದ್ದ ಮನೆಯೇ ಆಗಿರಲಿ, ಮತ್ತೆ ಹೋದರೆ ಓನರ್ ಹೊಸ ಕರಾರು ಬರೆಸುತ್ತಾನೆ, ಹೊಸ ಅಡ್ವಾನ್ಸ್ ಕೇಳುತ್ತಾನೆ. "ನಾನು ಹಳಬ" ಎಂಬ ಮಾತು ಬಾಗಿಲು ತೆಗೆಸುತ್ತದೆ, ಅಷ್ಟೇ. ಒಳಗಿನ ಲೆಕ್ಕವೆಲ್ಲ ಸೊನ್ನೆಯಿಂದ. ಇದನ್ನು ಮರೆತು ನಾನು ಕಳೆದುಕೊಂಡದ್ದು ಕೆಲವಿದೆ. ಅದನ್ನೂ ಸೇರಿಸಿಯೇ ಹೇಳುತ್ತೇನೆ.

1. ಬಿಟ್ಟದ್ದು ಯಾಕೆ? ಬರೆದು ನೋಡಿ

ಯಾರಿಗೂ ಫೋನ್ ಮಾಡುವ ಮೊದಲು ಈ ಕೆಲಸ. ಮನಸ್ಸು ಹಳೆಯದಕ್ಕೆಲ್ಲ ಸಕ್ಕರೆ ಸವರಿ ಇಟ್ಟಿರುತ್ತದೆ. ಸಂಜೆಯ ಚಹಾ, ತಂಡದ ಟ್ರಿಪ್ಪು, ಒಟ್ಟಿಗೆ ಕೂತು ಉಂಡ ಬುತ್ತಿ ನೆನಪಿಗೆ ಬರುತ್ತವೆ. ರಾಜೀನಾಮೆ ಬರೆದ ರಾತ್ರಿ ನೆನಪಿಗೆ ಬರುವುದಿಲ್ಲ. ಅದಕ್ಕೇ ನೆನಪನ್ನು ನಂಬಬೇಡಿ. ಆ ತಿಂಗಳಲ್ಲಿ ಗೆಳೆಯರಿಗೆ, ಮನೆಯವರಿಗೆ ಕಳಿಸಿದ ವಾಟ್ಸಾಪ್ ಮೆಸೇಜುಗಳನ್ನು ಹುಡುಕಿ ಓದಿ.

ನಾನು ಸಂಬಳಕ್ಕಾಗಿ ಬಿಟ್ಟೆ ಎಂದೇ ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹಳೇ ಮೆಸೇಜು ತೆಗೆದರೆ ಸಂಬಳದ ಸುದ್ದಿ ಒಂದೇ ಒಂದು ಕಡೆ. ಉಳಿದದ್ದೆಲ್ಲ "ಇವತ್ತೂ ರಾತ್ರಿ ಹನ್ನೊಂದಕ್ಕೆ ಕಾಲ್", "ಭಾನುವಾರವೂ ಆನ್-ಕಾಲ್". ಆನ್-ಕಾಲ್ ಎಂದರೆ ಯಾವ ಹೊತ್ತಿಗೆ ಕರೆ ಬಂದರೂ ಎದ್ದು ಕೆಲಸಕ್ಕೆ ಕೂರಬೇಕಾದ ಸರದಿ. ಅಂದರೆ ನನ್ನನ್ನು ಓಡಿಸಿದ್ದು ಅಮೆರಿಕದ ಗ್ರಾಹಕನ ಗಡಿಯಾರ. ಇದು ಗೊತ್ತಾಗಿರದಿದ್ದರೆ ಹೆಚ್ಚು ಸಂಬಳ ಕೇಳಿ, ಪಡೆದು, ಅದೇ ರಾತ್ರಿ ಪಾಳಿಗೆ ಹೋಗಿ ಕೂರುತ್ತಿದ್ದೆ.

ಕಾರಣ ಸಿಕ್ಕ ಮೇಲೆ ಅದು ಈಗಲೂ ಅಲ್ಲಿದೆಯೇ ಎಂದು ಒಳಗಿರುವ ಒಬ್ಬರನ್ನಾದರೂ ವಿಚಾರಿಸಿ. ಮ್ಯಾನೇಜರ್ ಕಾರಣವಾಗಿದ್ದರೆ ಅವರು ಅಲ್ಲೇ ಇದ್ದಾರಾ, ಇದ್ದರೆ ನಿಮ್ಮ ವಿಭಾಗಕ್ಕೆ ಸಂಬಂಧ ಇದೆಯಾ ಎಂದು ತಿಳಿಯಿರಿ. ಬಡ್ತಿ ಸಿಗದೆ ಬಿಟ್ಟಿದ್ದರೆ ನಿಮ್ಮ ಜತೆಗಿದ್ದವರು ಈಗ ಯಾವ ಹುದ್ದೆಯಲ್ಲಿದ್ದಾರೆ ನೋಡಿ. ಅವರೂ ಅಲ್ಲಲ್ಲೇ ಇದ್ದರೆ ಉತ್ತರ ಸಿಕ್ಕಿತು. ಮನೆಯ ಕಾರಣಕ್ಕೆ ಬಿಟ್ಟು, ಈಗ ಅದು ಬಗೆಹರಿದಿದ್ದರೆ ನೀವು ಪುಣ್ಯವಂತರು, ಮುಂದಿನ ಹಂತಕ್ಕೆ ಹೋಗಿ.

ಈಗಿನ ಕೆಲಸದ ಮೇಲಿನ ಸಿಟ್ಟಿಗೆ ಹಳೆಯದನ್ನು ಹುಡುಕಿಕೊಂಡು ಹೋಗುತ್ತಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಹಾಗಿದ್ದರೆ ಹಳೆಯದರ ಜತೆ ಇನ್ನೆರಡು ಕಡೆ ಇಂಟರ್‌ವ್ಯೂ ಕೊಟ್ಟು ನೋಡುವುದು ಕ್ಷೇಮ. ಕೈಯಲ್ಲಿ ಇನ್ನೊಂದು ಆಫರ್ ಇದ್ದರೆ ಮಾತಿಗೆ ತೂಕವೂ ಬರುತ್ತದೆ.

2. ಹೊರಬಿದ್ದದ್ದು ಹೇಗೆ ಎಂಬ ದಾಖಲೆ

ನೀವು ಬಿಡುವಾಗ ಎಚ್‌ಆರ್‌ನವರು ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಗುರುತು ಹಾಕಿರುತ್ತಾರೆ: ಮತ್ತೆ ತೆಗೆದುಕೊಳ್ಳಬಹುದು, ಅಥವಾ ಬೇಡ. ಆ ಗುರುತು ನಿಮಗೆ ಕಾಣುವುದಿಲ್ಲ. ನೋಟಿಸ್ ಅವಧಿ ಪೂರ್ತಿ ಮಾಡಿ, ಲ್ಯಾಪ್‌ಟಾಪ್ ಒಪ್ಪಿಸಿ, ನೋ-ಡ್ಯೂಸ್ ಮಾಡಿಸಿ, ರಿಲೀವಿಂಗ್ ಲೆಟರ್ ತಗೊಂಡು ಬಂದವರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಒಂದು ದಿನ ಬೆಳಿಗ್ಗೆ ಫೋನ್ ಆಫ್ ಮಾಡಿ ಹೋಗದೆ ಕೂತವರ ಫೈಲಿನಲ್ಲಿ 'ಅಬ್‌ಸ್ಕಾಂಡಿಂಗ್' ಎಂದಿರುತ್ತದೆ. ಅಂಥವರಿಗೆ ಹಳೇ ಬಾಸ್ ಎಷ್ಟೇ ಕರೆದರೂ ಕೊನೆಯಲ್ಲಿ ಎಚ್‌ಆರ್ ಕೈ ಅಡ್ಡ ಹಿಡಿಯುತ್ತದೆ.

ಆದ್ದರಿಂದ ಮೊದಲೇ ಕೇಳಿಬಿಡಿ. ನೇರವಾಗಿ: "ಮೇಡಂ, ನಾನು ಇಂಥಾ ವರ್ಷ ಬಿಟ್ಟವನು, ಹಳೇ ಎಂಪ್ಲಾಯೀ ನಂಬರ್ ಇದು. ನನ್ನ ರೆಕಾರ್ಡಿನಲ್ಲಿ ರೀಹೈರ್‌ಗೆ ಅಡ್ಡಿ ಏನಾದರೂ ಇದೆಯಾ, ನೋಡಿ ಹೇಳ್ತೀರಾ?" ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಕೆಲವು ಕಡೆ ಬಿಟ್ಟ ಮೇಲೆ ಇಷ್ಟು ತಿಂಗಳು ಕಳೆಯದೆ ಮತ್ತೆ ತೆಗೆದುಕೊಳ್ಳಬಾರದೆಂಬ ನಿಯಮ ಇರುತ್ತದೆ, ಅದನ್ನೂ ಇದೇ ಫೋನಿನಲ್ಲಿ ಕೇಳಿ. ನೋಟಿಸ್ ಹಣ, ಲ್ಯಾಪ್‌ಟಾಪ್ ಚಾರ್ಜರಿನ ಬಾಕಿ ಅಂತ ಏನಾದರೂ ಉಳಿದಿದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಇದೆಲ್ಲ ಇಲ್ಲ, ನಿಜ. ಅಲ್ಲಿ ಸೂಪರ್‌ವೈಸರ್ ಫೋನ್ ಮಾಡಿ "ಸೋಮವಾರದಿಂದ ಬಾರಪ್ಪ, ನಿನ್ನ ಮಿಷನ್ ಖಾಲಿ ಇದೆ" ಅಂದರೆ ಮುಗಿಯಿತು. ಆದರೆ ಮುಂದೆ ಹೇಳುವ ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದವರಿಗೆ ಬಿಡುವಾಗ ಕಂಪನಿ ಕೊಡುವ ಹಣ) ಸಂಗತಿ ಆ ಮಿಷನ್ ಮುಂದೆ ನಿಲ್ಲುವವರಿಗೇ ಹೆಚ್ಚು ಬೇಕು.

3. ಯಾವ ಬಾಗಿಲಿನಿಂದ ಹೋಗಬೇಕು

ಕನ್ಸಲ್ಟೆನ್ಸಿ ಮೂಲಕ ಹೋಗಬೇಡಿ. ಏಜೆನ್ಸಿಯವರು ನಿಮ್ಮ ರೆಸ್ಯೂಮೆಯನ್ನು ಒಮ್ಮೆ ಕಳಿಸಿದರೆಂದರೆ, ನಿಮ್ಮನ್ನು ತಗೊಂಡರೆ ಅವರಿಗೆ ಕಂಪನಿ ಕಮಿಷನ್ ಕೊಡಬೇಕು. ಹಳೇ ಬಾಸ್ ಪುಕ್ಕಟೆ ಕರೆದುಕೊಳ್ಳಬಹುದಾಗಿದ್ದ ಮನುಷ್ಯನಿಗೆ ದುಡ್ಡು ಕೊಡಬೇಕಾದಾಗ ಉತ್ಸಾಹ ಇಳಿಯುತ್ತದೆ. ಆಮೇಲೆ ಒಳಗಿನವರು ಯಾರಾದರೂ ನಿಮ್ಮ ಹೆಸರು ಶಿಫಾರಸು ಮಾಡಿದರೂ (ರೆಫರಲ್) ಅದು ಅಲ್ಲೇ ಸಿಕ್ಕಿಬೀಳಬಹುದು.

ಮೊದಲ ಕರೆ ಹಳೇ ಮ್ಯಾನೇಜರಿಗೆ, ಅಥವಾ ನಿಮ್ಮ ಕೆಲಸ ಬಲ್ಲ ಹಿರಿಯರಿಗೆ. ಮೆಸೇಜು ಚಿಕ್ಕದಿರಲಿ: "ಸರ್, ನಮಸ್ಕಾರ. ಎರಡು ವರ್ಷದಲ್ಲಿ ಇಂಥಿಂಥ ಕೆಲಸ ಮಾಡಿದೀನಿ. ನಿಮ್ಮ ಕಡೆ ಅಂಥದ್ದಕ್ಕೆ ಜನ ಬೇಕಾಗಿದ್ರೆ ಮಾತಾಡೋಣ ಅಂತ." ಅವರು ಹೂಂ ಎಂದ ಮೇಲೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ಹಳೇ ಎಂಪ್ಲಾಯೀ ನಂಬರನ್ನು ಮುಚ್ಚಿಡದೆ ನಮೂದಿಸಿ. ಒಳಗಿನ ಗೆಳೆಯ ರೆಫರ್ ಮಾಡುತ್ತೇನೆಂದರೆ, ಹಳಬರನ್ನು ಕರೆತಂದರೂ ಅವನಿಗೆ ರೆಫರಲ್ ಬೋನಸ್ ಬರುತ್ತದೆಯೇ ಎಂದು ಅವನೇ ವಿಚಾರಿಸಿಕೊಳ್ಳಲಿ. ಬಾರದಿದ್ದರೆ ಆಮೇಲೆ ಮುಖ ಊದಿಸಿಕೊಳ್ಳುವುದು ಬೇಡ.

4. ಇಂಟರ್‌ವ್ಯೂ

"ನಮ್ಮ ಹುಡುಗ ತಾನೆ, ಸುಮ್ಮನೆ ಫಾರ್ಮಾಲಿಟಿ" ಅನ್ನುತ್ತಾರೆ. ನಂಬಬೇಡಿ, ಓದಿಕೊಂಡು ಹೋಗಿ. ನನ್ನನ್ನು ಪ್ರಶ್ನೆ ಕೇಳಲು ಕೂತದ್ದು, ಒಂದು ಕಾಲದಲ್ಲಿ ನಾನೇ ಕೋಡ್ ತಿದ್ದಿಕೊಟ್ಟಿದ್ದ ಹುಡುಗಿ. ಈಗ ಆಕೆ ಲೀಡ್. ಮೊದಲ ಎರಡು ನಿಮಿಷ ಇಬ್ಬರಿಗೂ ಇರಿಸುಮುರಿಸು. ಆಮೇಲೆ ಆಕೆ ನಿಜಕ್ಕೂ ಕಷ್ಟದ ಪ್ರಶ್ನೆ ಕೇಳಿದಳು, ನನಗೆ ಸಮಾಧಾನವಾಯಿತು.

ಎರಡು ಪ್ರಶ್ನೆ ಬಂದೇ ಬರುತ್ತವೆ. ಯಾಕೆ ಬಿಟ್ಟಿರಿ, ಯಾಕೆ ಬರುತ್ತಿದ್ದೀರಿ. ಮೊದಲನೆಯದಕ್ಕೆ ಸತ್ಯವನ್ನೇ ಹೇಳಿ, ವ್ಯಕ್ತಿಯ ಹೆಸರು ಬಿಟ್ಟು. "ರಾತ್ರಿ ಪಾಳಿ ನನಗೆ ಒಗ್ಗಲಿಲ್ಲ" ಎಂದರೆ ಸಾಕು. ಎರಡನೆಯದಕ್ಕೆ "ಇಲ್ಲಿ ಮನೆ ಥರ ಇತ್ತು" ಅನ್ನುವ ಉತ್ತರ ಕೊಟ್ಟರೆ ಸಂಬಳದ ಮಾತಿನಲ್ಲಿ ಆ ವಾಕ್ಯಕ್ಕೆ ಬೆಲೆ ತೆರುತ್ತೀರಿ. ಹೊರಗೆ ಕಲಿತದ್ದೇನು, ಅದು ಇಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಹೇಳಿ.

ನೀವೂ ಕೇಳಿ. ಮೊದಲ ಹಂತದಲ್ಲಿ ಬರೆದುಕೊಂಡ ಕಾರಣ ಇದೆಯಲ್ಲ, ಅದನ್ನೇ ಪ್ರಶ್ನೆ ಮಾಡಿ. ನಾನು ಆನ್-ಕಾಲ್ ಪಾಳಿ ಎಷ್ಟು ಜನರ ನಡುವೆ ಹಂಚಿದೆ, ವಾರಕ್ಕೆ ಎಷ್ಟು ರಾತ್ರಿ ಎಂದು ಕೇಳಿದೆ. ಆರು ಜನ, ಆರು ವಾರಕ್ಕೊಮ್ಮೆ ಸರದಿ ಎಂದರು. ಹಿಂದೆ ಇದ್ದದ್ದು ಇಬ್ಬರು.

5. ಕರಾರು ಹೊಸದು: ಗ್ರಾಚ್ಯುಟಿಯಿಂದಲೇ ಶುರು ಮಾಡಿ

ಎಲ್ಲರೂ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಹಿಗ್ಗುತ್ತಾರೆ, ಗ್ರಾಚ್ಯುಟಿ ಮರೆಯುತ್ತಾರೆ. ನಾನೂ ಮರೆತೆ.

ಗ್ರಾಚ್ಯುಟಿ ಸಿಗಲು ಒಂದೇ ಕಡೆ 5 ವರ್ಷ ಬಿಡದೆ ಸೇವೆ ಆಗಿರಬೇಕು. ಲೆಕ್ಕ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದೂ ಒಂದು ವರ್ಷ. ಗರಿಷ್ಠ ಮಿತಿ 20 ಲಕ್ಷ ರೂಪಾಯಿ. ರಾಜೀನಾಮೆ ಕೊಟ್ಟು ಹೊರಬಿದ್ದರೆ ಸರಪಳಿ ತುಂಡಾಯಿತು. ಮರಳಿ ಬಂದ ದಿನದಿಂದ ಮತ್ತೆ ಒಂದು, ಎರಡು ಎಂದು ಎಣಿಕೆ.

ಅಂಕಿಯಲ್ಲಿ ನೋಡಿ. ಮೊದಲ ಸಲ 4 ವರ್ಷ, ಎರಡನೇ ಸಲ 3 ವರ್ಷ ಇದ್ದಿರಿ, ಮೂಲ ವೇತನ 60,000 ಎಂದುಕೊಳ್ಳಿ. ಒಂದೇ ಕಂಪನಿಗೆ ಒಟ್ಟು 7 ವರ್ಷ ದುಡಿದಿದ್ದೀರಿ. ಗ್ರಾಚ್ಯುಟಿ ಸೊನ್ನೆ. ನಡುವೆ ಬಿಡದೆ ಇದ್ದಿದ್ದರೆ ವರ್ಷಕ್ಕೆ 34,615ರಂತೆ ಸುಮಾರು 2 ಲಕ್ಷ 42 ಸಾವಿರ ಬರುತ್ತಿತ್ತು. ನಾನು ಮೊದಲ ಸಲ ಬಿಟ್ಟದ್ದು 4 ವರ್ಷ 3 ತಿಂಗಳಿಗೆ. ಇನ್ನು ಒಂಬತ್ತು ತಿಂಗಳು ಹಲ್ಲು ಕಚ್ಚಿದ್ದರೆ... ಹೋಗಲಿ ಬಿಡಿ.

ಹಳೇ ಸೇವೆಯನ್ನು ಸೇರಿಸಿ ಎಣಿಸಲು ಒಪ್ಪುವುದು ಕಂಪನಿಯ ಮರ್ಜಿ. ಒಪ್ಪಿದರೆ ಆಫರ್ ಲೆಟರಿನಲ್ಲೇ ಅದು ಬರಬೇಕು. ಎಚ್‌ಆರ್ ಬಾಯಲ್ಲಿ ಹೇಳಿದ್ದು ಆ ಎಚ್‌ಆರ್ ಕೆಲಸ ಬಿಡುವವರೆಗೆ ಮಾತ್ರ. ಒಪ್ಪದಿದ್ದರೆ, ಆ ನಷ್ಟವನ್ನು ಸಂಬಳದಲ್ಲೋ ಜಾಯಿನಿಂಗ್ ಬೋನಸ್‌ನಲ್ಲೋ ಕೇಳಲು ನಿಮ್ಮ ಕೈಯಲ್ಲೊಂದು ಅಂಕಿ ಇದೆಯಲ್ಲ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾಯಂ ನೌಕರರಿಗೆ 5 ವರ್ಷದ ನಿಯಮ ಹಾಗೇ ಉಳಿದಿದೆ. ನಿಗದಿತ ಅವಧಿಯ ಕರಾರಿನ ಮೇಲೆ ಕಂಪನಿಯೇ ನೇರವಾಗಿ ತೆಗೆದುಕೊಂಡವರಿಗೆ ಮಾತ್ರ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕೆಂಬುದೂ ಬಂದಿದೆ. ಆದ್ದರಿಂದ ಹಳೇ ಪೇಸ್ಲಿಪ್ ಮಾದರಿಯನ್ನೇ ಹೊಸ ಆಫರಿಗೆ ಹೊಂದಿಸಿ ನೋಡಬೇಡಿ. ಇನ್ನು, "ಸದ್ಯಕ್ಕೆ ಥರ್ಡ್ ಪಾರ್ಟಿ ಪೇರೋಲ್‌ನಲ್ಲಿ ಬಾ, ಆಮೇಲೆ ಪರ್ಮನೆಂಟ್ ಮಾಡೋಣ" ಎಂದರೆ ನೀವು ಮರಳುತ್ತಿರುವುದು ಹಳೇ ಕಂಪನಿಗಲ್ಲ, ಅದೇ ಕಟ್ಟಡದಲ್ಲಿರುವ ಬೇರೆ ಕಂಪನಿಗೆ.

ಸಂಬಳದ ಮಾತು. ಹಳೇ ಸಂಬಳ ಅವರ ಕಂಪ್ಯೂಟರಿನಲ್ಲಿದೆ, ಅದರ ಮೇಲೆ ಶೇಕಡಾವಾರು ಹೆಚ್ಚಿಸಿ ಕೊಡಲು ನೋಡುತ್ತಾರೆ. ನೀವು ಈಗಿನ ಸಂಬಳ ಮತ್ತು ಮಾರುಕಟ್ಟೆಯ ದರದಿಂದ ಶುರು ಮಾಡಿ. ಹುದ್ದೆ, ಗ್ರೇಡು ಬರಹದಲ್ಲಿ ಬರಲಿ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಎಂಬ ಸಾಲನ್ನು ಹುಡುಕಿ ಓದಿ. ಈ ವರ್ಷದ ಇನ್‌ಕ್ರಿಮೆಂಟ್‌ಗೆ ನಿಮ್ಮನ್ನು ಪರಿಗಣಿಸುತ್ತಾರಾ ಎಂಬುದನ್ನು ಜಾಯಿನಿಂಗ್ ದಿನಾಂಕ ಒಪ್ಪುವ ಮೊದಲೇ ಕೇಳಿ. ಹದಿನೈದು ದಿನ ತಡವಾದ್ದಕ್ಕೆ ಇಡೀ ವರ್ಷದ ಹೆಚ್ಚಳ ಕೈತಪ್ಪಿದವರನ್ನು ಬಲ್ಲೆ. ಪ್ರೊಬೇಷನ್, ರಜೆಯ ಲೆಕ್ಕ, ನೋಟಿಸ್ ಅವಧಿ ಹೊಸಬರ ಹಾಗೆಯೇ ಎಂದುಕೊಂಡು ಓದಿ. ಹಿಂದೆ ಹೋಗುವಾಗ ಕೈಬಿಟ್ಟುಹೋದ ಷೇರುಗಳೂ ತಾವಾಗಿ ಮರಳುವುದಿಲ್ಲ, ಕೊಟ್ಟರೆ ಹೊಸದಾಗಿ ಕೊಡಬೇಕು.

6. ಈಗಿನ ಕಂಪನಿಯಿಂದ ಹೊರಡುವುದು

ಸಹಿ ಆದ ಆಫರ್ ಲೆಟರ್ ಕೈಗೆ ಬರುವ ತನಕ ರಾಜೀನಾಮೆ ಇಲ್ಲ. "ನೀನು ನಮ್ಮವನೇ, ಪೇಪರ್ ಆಮೇಲೆ ಬರುತ್ತೆ" ಎಂಬ ಪ್ರೀತಿಗೆ ಮರುಳಾಗಿ 90 ದಿನಗಳ ನೋಟಿಸ್ ಶುರು ಮಾಡಿಕೊಂಡರೆ, ಅಷ್ಟರಲ್ಲಿ ಬಜೆಟ್ ಕಡಿತವಾಗಿ ಹುದ್ದೆಯೇ ಮಾಯವಾಗಬಹುದು.

ರಿಲೀವ್ ಆಗುವ ದಿನ ಮತ್ತು ಸೇರುವ ದಿನ ಒಂದರ ಮೇಲೊಂದು ಬೀಳದಿರಲಿ. ಎರಡೂ ಕಡೆಯ ಪಿಎಫ್ ನಿಮ್ಮ ಹೆಸರಿನ ಒಂದೇ ಕಾಯಂ ಪಿಎಫ್ ಸಂಖ್ಯೆಗೆ, ಅಂದರೆ ಯುಎಎನ್‌ಗೆ ಬೀಳುವುದರಿಂದ ಒಂದು ದಿನದ ಅತಿಕ್ರಮಣವೂ ಕಣ್ಣಿಗೆ ಬೀಳುತ್ತದೆ. ಮೂನ್‌ಲೈಟಿಂಗ್ (ಒಂದೇ ಹೊತ್ತಿಗೆ ಎರಡು ಕಡೆ ಕೆಲಸ) ಮಾಡಿದಿರಾ ಎಂದು ಕೇಳಿದರೆ ಉತ್ತರಿಸುತ್ತ ಕೂರಬೇಕು.

ಪ್ರತಿಸ್ಪರ್ಧಿ ಕಂಪನಿಯಿಂದ ಬರುವವರಿಗೆ ಇನ್ನೊಂದು ಮಾತು. ಬಿಟ್ಟ ಮೇಲೆ ಇಂಥಾ ಕಡೆ ಕೆಲಸ ಮಾಡಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಪ್ಯತೆಯ ಷರತ್ತು ನಿಲ್ಲುತ್ತದೆ. ತಲೆಯಲ್ಲಿರುವುದನ್ನು ತನ್ನಿ, ಪೆನ್‌ಡ್ರೈವಿನಲ್ಲಿ ಏನನ್ನೂ ತರಬೇಡಿ. ಹಳೇ ಬಾಸ್ "ಅವರ ರೇಟ್ ಎಷ್ಟಿತ್ತು?" ಎಂದು ಕ್ಯಾಂಟೀನಿನಲ್ಲಿ ಕೇಳುತ್ತಾರೆ. "ಅದು ಹೇಳೋಕಾಗಲ್ಲ ಸರ್" ಎಂದು ನಕ್ಕುಬಿಡಿ.

7. ಕಾಗದಪತ್ರ

ಪಿಎಫ್ ಮೊದಲು. ಅದೇ ಕಂಪನಿಗೆ ಮರಳಿದರೂ ಸಾಮಾನ್ಯವಾಗಿ ಹೊಸ ಮೆಂಬರ್ ಐಡಿ (ಆ ಕೆಲಸದ ಪಿಎಫ್ ಖಾತೆಯ ಸಂಖ್ಯೆ) ಹುಟ್ಟುತ್ತದೆ. ಯುಎಎನ್ ಮಾತ್ರ ಹಳೆಯದೇ. ಸೇರುವ ದಿನ ಕೊಡುವ ಹನ್ನೊಂದನೇ ನಮೂನೆಯ ಘೋಷಣೆಯಲ್ಲಿ, ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ, ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಾ ಎಂಬ ಎರಡು ಬೇರೆ ಬೇರೆ ಪ್ರಶ್ನೆ ಇರುತ್ತವೆ. ಗಡಿಬಿಡಿಯಲ್ಲಿ ಎರಡನೆಯದಕ್ಕೆ 'ಇಲ್ಲ' ಎಂದು ಗುರುತು ಹಾಕಿದರೆ ತಿಂಗಳು ತಿಂಗಳು ಪಿಂಚಣಿಗೆ ಹೋಗಬೇಕಾದ 1,250 ರೂಪಾಯಿವರೆಗಿನ ಹಣ ಅಲ್ಲಿಗೆ ಹೋಗುವುದಿಲ್ಲ. ಅದನ್ನು ತಿದ್ದಿಸಲು ವರ್ಷಗಳ ಮೇಲೆ ಅಲೆಯಬೇಕು. ಹಳೇ ಪಾಸ್‌ಬುಕ್ ತೆಗೆದು ಪಿಂಚಣಿ ಕಾಲಮ್ಮಿನಲ್ಲಿ ಹಣ ಬಿದ್ದಿದೆಯೇ ನೋಡಿಕೊಂಡು ಉತ್ತರ ಬರೆಯಿರಿ.

ಕೆಲಸ ಬದಲಾದಾಗಲೆಲ್ಲ ಪಿಎಫ್ ಬಿಡಿಸಿಕೊಳ್ಳುವ ಚಾಳಿ ಫ್ಯಾಕ್ಟರಿ ಕೆಲಸದವರಲ್ಲಿ ಹೆಚ್ಚು. ಕಷ್ಟ ಅರ್ಥವಾಗುತ್ತದೆ, ಆದರೆ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು, ಅದು ಬೇರೆ ಬೇರೆ ಕಂಪನಿಯದ್ದಾದರೂ ಆದೀತು. ಪಿಂಚಣಿ ಹಣವನ್ನೂ ಬಿಡಿಸಿಕೊಂಡರೆ ಅಷ್ಟು ವರ್ಷ ಎಣಿಕೆಯಿಂದಲೇ ಹೋಯಿತು. ಗ್ರಾಚ್ಯುಟಿಯ ಹಾಗಲ್ಲ ಇದು. ಇಲ್ಲಿ ಹಳೇ ಸೇವೆ ನಿಮ್ಮದೇ, ನೀವಾಗಿ ಕಳೆದುಕೊಳ್ಳದಿದ್ದರೆ. ಒಟ್ಟು 5 ವರ್ಷ ತುಂಬುವ ಮೊದಲು ಪಿಎಫ್ ತೆಗೆದರೆ ತೆರಿಗೆಯೂ ಬೀಳುತ್ತದೆ. ವರ್ಗಾಯಿಸಿಕೊಂಡ ಸೇವೆ ಆ 5 ವರ್ಷಕ್ಕೆ ಸೇರುತ್ತದೆ.

ಹಳೇ ಖಾತೆಯಿಂದ ಹೊಸದಕ್ಕೆ ಪಿಎಫ್ ವರ್ಗಾವಣೆ ನಿಂತುಹೋಗುವುದು ಹೆಚ್ಚಾಗಿ ಕೆಲಸ ಬಿಟ್ಟ ದಿನಾಂಕ ದಾಖಲಾಗದೆ. ನಡುವಿನ ಕಂಪನಿ ಅದನ್ನು ಹಾಕದಿದ್ದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದ ಮೇಲೆ ಪಿಎಫ್ ಸಂಸ್ಥೆಯಾದ ಇಪಿಎಫ್‌ಒ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಆದಾಯ ತೆರಿಗೆಗೆ ಬನ್ನಿ. ಆರ್ಥಿಕ ವರ್ಷದ ನಡುವೆ ಸೇರಿದರೆ, ಏಪ್ರಿಲ್‌ನಿಂದ ಬಿಟ್ಟ ದಿನದವರೆಗಿನ ಸಂಬಳ ಮತ್ತು ಟಿಡಿಎಸ್ (ಸಂಬಳದಲ್ಲೇ ಮುರಿದುಕೊಂಡ ತೆರಿಗೆ) ವಿವರವನ್ನು ಹೊಸ ಪೇರೋಲ್‌ನವರಿಗೆ ಕೊಡಿ. ಕೊಡದಿದ್ದರೆ ಎರಡೂ ಕಡೆಯವರು ಹೊಸ ಪದ್ಧತಿಯ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತಾರೆ, ಇಬ್ಬರೂ ಸ್ಲ್ಯಾಬಿನ ಕೆಳಗಿನ ಮೆಟ್ಟಿಲಿಂದಲೇ ಶುರು ಮಾಡುತ್ತಾರೆ. ಆ ತಿಂಗಳುಗಳಲ್ಲಿ ಕೈಗೆ ಹೆಚ್ಚು ಬಂತೆಂದು ಖುಷಿ. ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ಉಳಿದ ತೆರಿಗೆಯನ್ನು ಬಡ್ಡಿ ಸಮೇತ ಒಟ್ಟಿಗೆ ಕಟ್ಟಬೇಕು.

ಆರೋಗ್ಯ ವಿಮೆ: ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಎರಡು ಕೆಲಸದ ನಡುವೆ ಹದಿನೈದು ದಿನ ಊರಿಗೆ ಹೋಗಿ ಬರೋಣ ಎಂದುಕೊಂಡಿದ್ದರೆ, ಆ ಹದಿನೈದು ದಿನ ಅಪ್ಪ ಅಮ್ಮನಿಗೆ ಯಾವ ರಕ್ಷಣೆ ಇದೆ ಎಂದು ಮೊದಲೇ ನೋಡಿ. ಹೊಸ ಕಡೆ ಅವರ ಹೆಸರು ಸೇರಿಸಲು ಕೊಡುವ ಗಡುವು ತಪ್ಪಿದರೆ ಮುಂದಿನ ನವೀಕರಣದವರೆಗೆ ಕಾಯಬೇಕಾಗಬಹುದು.

8. ಮೊದಲ ಮೂರು ತಿಂಗಳು

ನಿಮ್ಮ ಹಳೇ ಕುರ್ಚಿಯಲ್ಲಿ ಯಾರೋ ಕೂತಿರುತ್ತಾರೆ. ನೀವು ಬರೆದಿದ್ದ ಪ್ರೋಗ್ರಾಮನ್ನು ಯಾರೋ ಅಳಿಸಿ ಬೇರೆ ಬರೆದಿರುತ್ತಾರೆ, ಚೆನ್ನಾಗಿಯೇ ಬರೆದಿರುತ್ತಾರೆ. "ನಾವಿದ್ದಾಗ ಹೀಗಿರಲಿಲ್ಲ" ಮತ್ತು "ಆ ಕಂಪನಿಯಲ್ಲಿ ಹೀಗೆ ಮಾಡ್ತಾರೆ" ಎಂಬ ಎರಡು ಮಾತು ಮೊದಲ ತಿಂಗಳು ನಾಲಿಗೆಯ ತುದಿಯಲ್ಲಿರುತ್ತವೆ. ನುಂಗಿಕೊಳ್ಳಿ. ಎರಡನೇ ತಿಂಗಳು ಯಾರಾದರೂ ಕೇಳಿದಾಗ ಹೇಳಿದರೆ ಅದೇ ಮಾತು ಸಲಹೆಯಾಗುತ್ತದೆ.

ಕಷ್ಟದ ಸಂಗತಿ ಇದಲ್ಲ. ಬಿಡದೆ ಅಲ್ಲೇ ಉಳಿದವರ ಮನಸ್ಸು. ನೀವು ಹೊರಗೆ ಹೋಗಿ ಬಂದು ಅವರಿಗಿಂತ ಹೆಚ್ಚು ಸಂಬಳಕ್ಕೆ ಕೂತಿದ್ದೀರಿ. ಅವರು ಅದೇ ವರ್ಷಗಳಲ್ಲಿ ನಿಮ್ಮ ಪಾಲಿನ ಕೆಲಸವನ್ನೂ ಎಳೆದಿದ್ದಾರೆ. ನನ್ನ ಹಳೇ ಜತೆಗಾರ ಒಬ್ಬ ಎರಡು ವಾರ ನನ್ನ ಜತೆ ಊಟಕ್ಕೆ ಬರಲಿಲ್ಲ. ಸಂಬಳ ಎಷ್ಟೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೊಂದು ಶುಕ್ರವಾರ ಅವನ ಆನ್-ಕಾಲ್ ಸರದಿ. ಮಗಳ ಹುಟ್ಟುಹಬ್ಬ ಎಂದು ಗೊತ್ತಾಗಿ ನಾನು ತಗೊಂಡೆ. ಸೋಮವಾರ ಬುತ್ತಿ ಹಿಡಿದು ಬಂದು ಎದುರು ಕೂತು "ಪುಳಿಯೋಗರೆ ಇದೆ, ತಿಂತೀಯಾ?" ಎಂದ. ಎಲ್ಲ ಕಡೆಯೂ ಹೀಗೆ ಸುಲಭಕ್ಕೆ ಬಗೆಹರಿಯುತ್ತದೆ ಎಂದು ಹೇಳಲಾರೆ.

ನಿಮ್ಮ ಕೈಕೆಳಗಿದ್ದವರು ಈಗ ಮೇಲಿದ್ದರೆ ಮೀಟಿಂಗಿನಲ್ಲಿ ಹಳೇ ಸಲುಗೆಯ 'ಏನೋ', 'ಬಾರೋ' ಬೇಡ. ಅವರಾಗಿ ಕರೆದರೆ ಬೇರೆ ಮಾತು.

ಮೂರನೇ ತಿಂಗಳ ಸಂಬಳ ಬಿದ್ದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೂತು ಪಿಎಫ್ ಪಾಸ್‌ಬುಕ್ ತೆರೆಯಿರಿ. ಮೂರು ಮೆಂಬರ್ ಐಡಿ ಕಾಣಬೇಕು: ಮೊದಲ ಸಲದ್ದು, ನಡುವಿನದು, ಈಗಿನದು. ಮೊದಲ ಎರಡರಲ್ಲಿ ಬಿಟ್ಟ ದಿನಾಂಕ ಇರಬೇಕು, ಅವುಗಳ ಹಣ ಮೂರನೆಯದಕ್ಕೆ ಬಂದಿರಬೇಕು, ಪಿಂಚಣಿ ಕಾಲಮ್ಮು ಖಾಲಿ ಇರಬಾರದು. ಹಿಂದೆಂದೂ ಪಿಂಚಣಿ ಯೋಜನೆಯಲ್ಲಿ ಇಲ್ಲದೆ, 2014ರ ಸೆಪ್ಟೆಂಬರ್ 1ರಿಂದ ಈಚೆಗೆ 15,000ಕ್ಕಿಂತ ಹೆಚ್ಚಿನ ಮೂಲ ವೇತನದ ಮೇಲೆ ಮೊದಲ ಸಲ ಕೆಲಸಕ್ಕೆ ಸೇರಿದವರಾದರೆ ಆ ಕಾಲಮ್ಮು ಖಾಲಿ ಇರುವುದೇ ಸರಿ. ಏನಾದರೂ ತಪ್ಪಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಸೋಮವಾರವೇ ಎಚ್‌ಆರ್‌ಗೆ ಮೇಲ್ ಹಾಕಿ. ನನ್ನದರಲ್ಲಿ ನಡುವಿನ ಕಂಪನಿ ಬಿಟ್ಟ ದಿನಾಂಕ ಹಾಕಿರಲಿಲ್ಲ. ನಾನೇ ಹಾಕಿದೆ, ಆಧಾರ್ ಒಟಿಪಿ ಒತ್ತಿ, ಐದು ನಿಮಿಷದ ಕೆಲಸ.